ಸಾಲಿನ ತಲೆ, ಕ್ರಿಯಾಪದದ ಬಾಲ

‘ವೆನ್ ಎಂಬ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಒಂದು ಪದವನ್ನು ಹೇಳಿರಿ, ಆದರೆ ಅದು ವಾಕ್ಯದ ಮೊದಲಲ್ಲಿಯೇ ನಿಲ್ಲುವಂತಹದಾಗಿರಬೇಕು’ ಎಂದು ನಮ್ಮ ನೆರೆಮನೆಯ ಯುವಕನು ಒಂದು ಸಂಜೆ ನನ್ನನ್ನು ಕೇಳಿದಾಗ, ಇಷ್ಟು ಸುಲಭವಾದ ಪ್ರಶ್ನೆಗೆ ಉತ್ತರ ಕೊಡಲು ಒಂದು ಬಟ್ಟಲು ಚಹ ಮುಗಿಯುವಷ್ಟು ಕಾಲವೂ ಬೇಕಾಗಲಾರದೆಂದು ಭಾವಿಸಿದ್ದೆನು. ಬಟ್ಟಲು ಬರಿದಾಯಿತು, ಎರಡನೆಯದೂ ಬರಿದಾಯಿತು, ಉತ್ತರವು ಮಾತ್ರ ದೊರೆಯಲಿಲ್ಲ. ನಲವತ್ತು ವರ್ಷ ಕನ್ನಡವನ್ನು ಬರೆದೆನೆಂಬ ಅಭಿಮಾನಕ್ಕೆ ಅಂದು ಒದಗಿದ ಭಂಗವೇ ಈ ಅಂಕಣಕ್ಕೆ ಕಾರಣ.

ನಾವಿರುವುದು ಪುಣೆ ಜಿಲ್ಲೆಯ ಶಿರೂರಿನಲ್ಲಿ. ಕನ್ನಡ ನಾಡಿನಲ್ಲಿ ಈ ಹೆಸರಿನ ಊರುಗಳು ಹಲವು ಉಂಟಾದುದರಿಂದ, ಯಾವ ಶಿರೂರು ಎಂದು ಬಂಧುಗಳು ಕೇಳುವುದು ವಾಡಿಕೆ; ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ಅಷ್ಟವಿನಾಯಕರಲ್ಲಿ ಒಬ್ಬನಾದ ರಾಂಜಣಗಾವಿನ ಮಹಾಗಣಪತಿಯನ್ನೂ ಅವನ ನೆರೆಯಲ್ಲಿ ಬೆಳೆದುನಿಂತ ಕಾರ್ಖಾನೆಗಳ ಪ್ರಪಂಚವನ್ನೂ ಹಿಂದಿಕ್ಕಿ ಬಂದರೆ ಘೋಡ್ ನದಿಯ ದಡದಲ್ಲಿ ಸಿಕ್ಕುವ ಶಿರೂರು ಎಂದು ನಾನು ಉತ್ತರಿಸುತ್ತೇನೆ. ಈ ನದಿಯು ಮುಂದೆ ಭೀಮೆಯನ್ನು ಕೂಡಿಕೊಳ್ಳುತ್ತದೆ. ಭೀಮೆಯು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲಗಳನ್ನು ತೋಯಿಸಿ ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು 9ನೆಯ ಶತಮಾನದ ಕವಿರಾಜಮಾರ್ಗವು ಹಾಕಿದ ಮೇರೆಯ ಒಳಗೇ ಈ ಊರು ಬರುತ್ತದೆಂಬ ಸಂಗತಿಯನ್ನು ನಾನು ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡಿದ್ದೇನೆ. ಮರಾಠಿಯ ನೆರೆಹೊರೆಯವರೊಡನೆ ಸೌಹಾರ್ದದಿಂದ ಬಾಳತಕ್ಕವನು ಅದನ್ನು ಬೀದಿಯಲ್ಲಿ ನಿಂತು ಸಾರಬೇಕಾದ ಪ್ರಯೋಜನವೇನೂ ಇಲ್ಲ.

ಪ್ರಶ್ನೆ ಕೇಳಿದ ಯುವಕನ ಮನೆತನವು ಕಲಬುರಗಿಯ ಕಡೆಯದು. ತಂದೆಯು ರಾಂಜಣಗಾವಿನ ಕಾರ್ಖಾನೆಯ ಕೆಲಸಕ್ಕೆಂದು ಬಂದವನು ಇಲ್ಲಿಯೇ ನೆಲೆನಿಂತನು. ಮಗನು ಪುಣೆಯ ಕಚೇರಿಯೊಂದರಲ್ಲಿ ತಂತ್ರಾಂಶ ಪರೀಕ್ಷಕ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂಬ ತ್ರಿವೇಣಿಯಲ್ಲಿ ದಿನವೂ ಮೀಯುವ ಅವನಿಗೆ, ತಾನು ಬಳಸುವ ಪರೀಕ್ಷಾ ಚೌಕಟ್ಟಿನಲ್ಲಿ ಕನ್ನಡವೂ ಉಂಟೆಂಬುದು ಆಕಸ್ಮಿಕವಾಗಿ ತಿಳಿಯಿತು. ಉಂಟಾದರೂ ಅದು ಕನ್ನಡದಂತೆ ಕೇಳಿಸುವುದಿಲ್ಲವೆಂಬುದು ಮರುಕ್ಷಣದಲ್ಲಿಯೇ ತಿಳಿಯಿತು. ಅದನ್ನು ಸರಿಪಡಿಸುವುದು ಹೇಗೆಂಬುದೇ ಅವನ ಚಿಂತೆ.

ಪರೀಕ್ಷಾ ಚೌಕಟ್ಟೆಂದರೇನೆಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಬ್ಯಾಂಕಿನ ಗಣಕಕ್ಕೆ ಒಂದು ಹೊಸ ಅನುಕೂಲವನ್ನು ಸೇರಿಸಿದರೆನ್ನಿ. ಸೇರಿಸಿದುದು ಸರಿಯಾಗಿ ನಡೆಯುವುದೇ ಎಂದು ನೋಡಿದರೆ ಸಾಲದು; ಅದು ಸೇರಿದ್ದರಿಂದ ಹಿಂದೆ ಸರಿಯಾಗಿದ್ದ ನೂರಾರು ವ್ಯವಹಾರಗಳಲ್ಲಿ ಯಾವುದಾದರೂ ಕೆಟ್ಟಿತೇ ಎಂದೂ ನೋಡಬೇಕು. ಇದನ್ನು ಮನುಷ್ಯರು ಕುಳಿತು ಪ್ರತಿಸಲವೂ ಮಾಡುವುದು ಅಸಾಧ್ಯವಾದುದರಿಂದ, ಯಂತ್ರವನ್ನು ಪರೀಕ್ಷಿಸುವ ಕಾರ್ಯವನ್ನು ಯಂತ್ರಕ್ಕೇ ಒಪ್ಪಿಸುವ ಪದ್ಧತಿಯು ಬೆಳೆಯಿತು. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ಪರೀಕ್ಷಕನಿಗೆ ಈ ಚೌಕಟ್ಟು ಹಾಗೆ; ಚಿನ್ನವನ್ನು ಅದು ಮಾಡುವುದಿಲ್ಲ, ಚಿನ್ನ ಹೌದೋ ಅಲ್ಲವೋ ಎಂಬುದನ್ನು ಹೇಳುತ್ತದೆ. ಜಾವಾ ಭಾಷೆಯ ಪ್ರಸಿದ್ಧ ಒರೆಗಲ್ಲಾದ ಜೆಯುನಿಟ್ ಎಂಬುದನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬ ಇಬ್ಬರು 1997ರಲ್ಲಿ ಜ್ಯೂರಿಚ್‌ನಿಂದ ಅಟ್ಲಾಂಟಾಕ್ಕೆ ಹಾರುತ್ತಿದ್ದ ವಿಮಾನದಲ್ಲಿ ಜೊತೆಯಾಗಿ ಕುಳಿತು ಬರೆದರು. ಇಂತಹ ಚೌಕಟ್ಟುಗಳಲ್ಲಿ ಅನೇಕವು ಮುಕ್ತ ತಂತ್ರಾಂಶಗಳು. ಅಂದರೆ ಅವುಗಳ ಮೂಲವು ಎಲ್ಲರಿಗೂ ತೆರೆದಿದೆ, ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಮೂಲಕ್ಕೆ ಸೇರಿಸಿಕೊಳ್ಳಿರೆಂದು ಬಿನ್ನವಿಸಿಕೊಳ್ಳಬಹುದು.

ನಮ್ಮ ಯುವಕನು ಬಳಸುವ ಚೌಕಟ್ಟಿನ ಹೆಸರು ಕ್ಯೂಕಂಬರ್. ನಾರ್ವೆಯವನಾದ ಆಸ್ಲಾಕ್ ಹೆಲ್ಲೆಸೊಯ್ ಎಂಬಾತನು 2008ರಲ್ಲಿ ಇದನ್ನು ಆರಂಭಿಸಿದನು. ಅದರ ಹಿಂದಿನ ವಿಚಾರವು ಡಾನ್ ನಾರ್ತ್ ಎಂಬ ಇಂಗ್ಲಿಷಿನವನದು. ‘ಪರೀಕ್ಷೆ’ ಎಂಬ ಪದವೇ ಜನರನ್ನು ತಪ್ಪುದಾರಿಗೆ ಎಳೆಯುತ್ತದೆ, ತಂತ್ರಾಂಶವು ಹೇಗೆ ವರ್ತಿಸಬೇಕೆಂಬುದನ್ನು ಸಾಮಾನ್ಯನಿಗೂ ತಿಳಿಯುವ ಮಾತಿನಲ್ಲಿ ಮೊದಲೇ ಬರೆದಿಟ್ಟರೆ ಅರ್ಧ ಕಲಹವು ತಪ್ಪುತ್ತದೆ ಎಂಬುದು ಅವನ ಪ್ರತಿಪಾದನೆ. ಆದುದರಿಂದ ಇಲ್ಲಿ ಪರೀಕ್ಷೆಯನ್ನು ಬರೆಯುವುದು ಕಥೆಯನ್ನು ಬರೆದಂತೆ: ಇಂತಹ ಪರಿಸ್ಥಿತಿಯಿರಲಾಗಿ, ಇಂತಹ ಕ್ರಿಯೆಯು ನಡೆದಾಗ, ಇಂತಹ ಫಲವು ಬರಬೇಕು. ಇಂಗ್ಲಿಷಿನಲ್ಲಿ ಈ ಮೂರು ಸಾಲುಗಳು ಕ್ರಮವಾಗಿ ಗಿವನ್, ವೆನ್, ದೆನ್ ಎಂಬ ಮೂರು ಪದಗಳಿಂದ ಮೊದಲಾಗುತ್ತವೆ. ಗುಮಾಸ್ತನೂ ವ್ಯವಸ್ಥಾಪಕನೂ ಓದಿ ಒಪ್ಪಬಲ್ಲ ಆ ಸಾಲುಗಳನ್ನೇ ಯಂತ್ರವು ಓದಿ, ಪ್ರತಿಯೊಂದನ್ನೂ ನಡೆಸಿ ನೋಡಿ, ತೀರ್ಪನ್ನು ಕೊಡುತ್ತದೆ.

ಈ ಬರವಣಿಗೆಯ ಭಾಷೆಗೆ ಅವರು ಇಟ್ಟ ಹೆಸರು ಗರ್ಕಿನ್. ಉಪ್ಪುನೀರಿನಲ್ಲಿ ಹಾಕಿಡುವ ಮಿಡಿಸೌತೆಯ ಹೆಸರು ಅದು. ಇದನ್ನು ಕೇಳಿ ನನಗೆ ನಗು ಬಂತು. ಏಕೆಂದರೆ ಭಾರತದಲ್ಲಿ ಮಿಡಿಸೌತೆಯ ಬೇಸಾಯವೂ ರಫ್ತೂ 1990ರ ದಶಕದ ಆದಿಯಲ್ಲಿ ಮೊದಲಾದದ್ದು ಕರ್ನಾಟಕದಲ್ಲಿಯೇ. ನಮ್ಮ ರೈತರು ಬೆಳೆದುದನ್ನು ಪೀಪಾಯಿಗಳಲ್ಲಿ ತುಂಬಿ ಯೂರೋಪಿಗೂ ಅಮೆರಿಕಕ್ಕೂ ಕಳುಹಿಸುತ್ತಾರೆ; ನಮ್ಮ ಮನೆಯ ಊಟದಲ್ಲಿ ಅದನ್ನು ಕಂಡವರು ವಿರಳ. ಅಕ್ಷರದ ಗರ್ಕಿನ್ನಿನ ಗತಿಯೂ ಬಹುಮಟ್ಟಿಗೆ ಹೀಗೆಯೇ ಆಗಿದೆ. ಬೆಂಗಳೂರಿನಲ್ಲಿ ಕುಳಿತು ಅದನ್ನು ದಿನವೂ ಬರೆಯುವವರು ಅಸಂಖ್ಯರು. ಅದನ್ನು ಕನ್ನಡದಲ್ಲಿ ಬರೆಯಬಹುದೆಂದು ಬಲ್ಲವರು ಎಷ್ಟು ಮಂದಿಯೋ!

ಬರೆಯಲು ಬರುತ್ತದೆಂಬುದು ಮಾತ್ರ ನಿಜ. ಗರ್ಕಿನ್ 70ಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲುದು. ಅವುಗಳ ಪದಗಳೆಲ್ಲವೂ ಒಂದೇ ಕಡತದಲ್ಲಿ, ಒಂದು ದೊಡ್ಡ ಕೋಷ್ಟಕದಂತೆ ಜೋಡಣೆಗೊಂಡಿವೆ. ಲೋಕದ ಭಾಷೆಗಳು ಸಾಲದೆಂಬಂತೆ ಕಡಲುಗಳ್ಳರ ಇಂಗ್ಲಿಷಿಗೂ ಬರಿಯ ಮೋರೆಚಿತ್ರಗಳ ಭಾಷೆಗೂ ಅಲ್ಲಿ ಸ್ಥಾನವುಂಟು. ಒಬ್ಬರು ಕುಳಿತು ಇಷ್ಟು ಭಾಷೆಗಳನ್ನು ಕಲಿತು ಬರೆದ ಕೋಷ್ಟಕವಲ್ಲ ಇದು. ಆಯಾ ಭಾಷೆಯವರು ತಮಗೆ ಬೇಕೆಂದು ತಂದುಕೊಟ್ಟ ಕಾಣಿಕೆಗಳ ರಾಶಿ. ಅದರಲ್ಲಿ ಕನ್ನಡಕ್ಕೂ ಒಂದು ಮನೆಯನ್ನು ಯಾರೋ ಪುಣ್ಯಾತ್ಮರು ಕಟ್ಟಿಕೊಟ್ಟಿದ್ದಾರೆ. ಯುವಕನು ಅದನ್ನು ನನಗೆ ತೋರಿಸಿದನು. ಹಿನ್ನೆಲೆ, ಮತ್ತು, ಆದರೆ, ಉದಾಹರಣೆಗಳು ಎಂಬ ಪದಗಳು ಲಕ್ಷಣವಾಗಿವೆ. ಕಥಾಸಾರಾಂಶ ಎಂಬುದು ಕೊಂಚ ಉದ್ದವಾದರೂ ರುಚಿಯಾಗಿದೆ. ‘ಫೀಚರ್’ ಎಂಬುದಕ್ಕೆ ಮಾತ್ರ ‘ಹೆಚ್ಚಳ’ ಎಂದಿದೆ; ‘ಗಿವನ್’ ಎಂಬುದಕ್ಕೆ ‘ನೀಡಿದ’; ‘ವೆನ್’ ಎಂಬುದಕ್ಕೆ, ಓದುಗರು ನಂಬಬೇಕು, ‘ಸ್ಥಿತಿಯನ್ನು’; ‘ದೆನ್’ ಎಂಬುದಕ್ಕೆ ‘ನಂತರ’.

ಈ ಪದಗಳನ್ನು ಹಾಕಿಕೊಂಡು ಬ್ಯಾಂಕಿನ ಒಂದು ಸಣ್ಣ ವ್ಯವಹಾರವನ್ನು ಬರೆದು ನೋಡೋಣವೆಂದು ಇಬ್ಬರೂ ಕುಳಿತೆವು. ಬಂದದ್ದು ಹೀಗೆ:

ಹೆಚ್ಚಳ: ಖಾತೆಯಿಂದ ಹಣ ತೆಗೆಯುವುದು
ಕಥಾಸಾರಾಂಶ: ಖಾತೆಯಲ್ಲಿ ಸಾಕಷ್ಟು ಹಣವಿದೆ
ನೀಡಿದ ಖಾತೆಯಲ್ಲಿ 500 ರೂಪಾಯಿ ಇದೆ
ಸ್ಥಿತಿಯನ್ನು ಗ್ರಾಹಕನು 200 ರೂಪಾಯಿ ತೆಗೆಯುತ್ತಾನೆ
ನಂತರ ಖಾತೆಯಲ್ಲಿ 300 ರೂಪಾಯಿ ಉಳಿದಿರಬೇಕು

ಯಂತ್ರವು ಇದನ್ನು ಚಕಾರವೆತ್ತದೆ ಒಪ್ಪಿಕೊಂಡಿತು. ಒಳಗೆ ತರಕಾರಿ ಹೆಚ್ಚುತ್ತಿದ್ದ ಯುವಕನ ತಾಯಿಗೆ ಓದಿ ಹೇಳಿದೆವು, ಆಕೆ ಒಪ್ಪಲಿಲ್ಲ. ‘ಯಾರು ನೀಡಿದ ಖಾತೆ?’ ಎಂಬುದು ಆಕೆಯ ಮೊದಲ ಪ್ರಶ್ನೆ. ವೈಯಾಕರಣಿಯು ಹತ್ತು ಪುಟಗಳಲ್ಲಿ ಹೇಳುವುದನ್ನು ಆಕೆ ಮೂರು ಮಾತುಗಳಲ್ಲಿ ಹೇಳಿದ್ದಳು. ‘ನೀಡಿದ’ ಎಂಬುದು ಕೃದಂತ ವಿಶೇಷಣವಾದುದರಿಂದ ಮುಂದಿನ ನಾಮಪದವನ್ನು ಅಪ್ಪಿಕೊಳ್ಳದೆ ಬಿಡದು; ಇಡೀ ವಾಕ್ಯಕ್ಕೆ ಪೀಠಿಕೆಯಾಗಿ ನಿಲ್ಲಬೇಕಾದ ಪದವು ಖಾತೆಯೊಂದನ್ನೇ ಹಿಡಿದುಕೊಂಡು ಕುಳಿತಿದೆ. ‘ಸ್ಥಿತಿಯನ್ನು’ ಎಂಬುದಂತೂ ಯಾವುದೋ ವಾಕ್ಯದ ನಡುವಿನಿಂದ ಕಿತ್ತು ತಂದ ಕರ್ಮಪದ. ದ್ವಿತೀಯಾ ವಿಭಕ್ತಿಯ ಪ್ರತ್ಯಯವು ಗಾಯದಂತೆ ಇನ್ನೂ ಅದಕ್ಕೆ ಅಂಟಿಕೊಂಡಿದೆ.

ಆದರೂ ಈ ಪದಗಳನ್ನು ತಂದವರನ್ನು ನಿಂದಿಸಲು ನನಗೆ ಮನಸ್ಸಾಗದು. ‘ಹೆಚ್ಚಳ’ಕ್ಕೆ ಇಂದು ಬೆಲೆಯೇರಿಕೆಯ ವಾಸನೆ ಬಂದಿದ್ದರೂ ಹಳೆಯ ಕನ್ನಡದಲ್ಲಿ ಅತಿಶಯ, ಹಿರಿಮೆ ಎಂಬ ಅರ್ಥಗಳೂ ಉಂಟು, ವಸ್ತುವೊಂದರ ವೈಶಿಷ್ಟ್ಯವನ್ನು ಅದರ ಹೆಚ್ಚಳವೆಂದು ಕರೆದವನು ಕಿವಿಯಿಲ್ಲದವನಲ್ಲ. ಪದಗಳ ಪಟ್ಟಿಯನ್ನು ಸಂದರ್ಭವಿಲ್ಲದೆ ಕೈಗೆ ಕೊಟ್ಟು, ಎದುರಿನ ತೆರಪಿನಲ್ಲಿ ಕನ್ನಡವನ್ನು ತುಂಬು ಎಂದರೆ ದೊಡ್ಡ ಪಂಡಿತನೂ ಎಡವಿಯಾನು. ಮೇಲಾಗಿ, ಯಾರೂ ಮಾಡದಿದ್ದ ಕಾಲದಲ್ಲಿ ಅವರು ಮಾಡಿದರು. ಬರಿದಾದ ಮನೆಗಿಂತ ಸೋರುವ ಮನೆ ಲೇಸು. ಸೋರುವುದನ್ನು ಕಂಡವನು ಹಂಚು ಹೊಂದಿಸಬಹುದು, ಬಯಲನ್ನು ಕಂಡವನಿಗೆ ಹೊಂದಿಸಲು ಏನೂ ಇರುವುದಿಲ್ಲ.

ತೊಡಕಿನ ಬೇರು ಇನ್ನೂ ಆಳದಲ್ಲಿದೆ. ಈ ಲೇಖನದ ಮೊದಲ ವಾಕ್ಯವನ್ನೇ ತಿರುಗಿ ನೋಡಿರಿ. ಯುವಕನು ನನ್ನನ್ನು ‘ಕೇಳಿದಾಗ’ ಎಂದು ಬರೆದಿದ್ದೇನೆ. ಇಂಗ್ಲಿಷಿನವನು ವಾಕ್ಯದ ಹೊಸ್ತಿಲಲ್ಲಿಯೇ ನಿಲ್ಲಿಸುವ ‘ವೆನ್’ ಎಂಬುದನ್ನು ನಾವು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತೇವೆ: ತೆಗೆದಾಗ, ಒತ್ತಿದಾಗ, ಮಳೆ ಬಂದಾಗ. ಷರತ್ತೂ ಹಾಗೆಯೇ: ತೆಗೆದರೆ, ಒತ್ತಿದರೆ. ಹಳಗನ್ನಡದ ವೈಯಾಕರಣಿ ಕೇಶಿರಾಜನ ಕಾಲದಿಂದ ಇಂದಿನವರೆಗೆ ಕನ್ನಡದಲ್ಲಿ ಎಷ್ಟು ಮಾರ್ಪಾಟುಗಳಾದರೂ ಕ್ರಿಯೆಯು ವಾಕ್ಯದ ಕೊನೆಯಲ್ಲಿ ಬರುವುದೂ, ಅದರ ಕಾಲವೂ ಕಾರಣವೂ ಸಂದೇಹವೂ ಅದರ ಬೆನ್ನಿಗೇ ಅಂಟಿ ಬರುವುದೂ ಮಾರ್ಪಡಲಿಲ್ಲ. ಗರ್ಕಿನ್ನಾದರೋ ಪ್ರತಿಯೊಂದು ಸಾಲಿನ ತಲೆಯನ್ನು ನೋಡಿ ಅದರ ಜಾತಿಯನ್ನು ನಿರ್ಣಯಿಸುತ್ತದೆ. ಅದು ತಲೆಯನ್ನು ನೋಡುತ್ತದೆ. ನಾವು ಗುರುತನ್ನು ಬಾಲದಲ್ಲಿ ಇಟ್ಟಿದ್ದೇವೆ. ಇದು ಪದದ ಕೊರತೆಯಲ್ಲ, ವಾಕ್ಯದ ದಿಕ್ಕಿನ ಭೇದ.

ಮರಾಠಿಯ ಮನೆಯನ್ನು ನೋಡಿದರೆ ಈ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಅದೇ ಕೋಷ್ಟಕದಲ್ಲಿ ಮರಾಠಿಯೂ ಉಂಟು. ‘ವೆನ್’ ಎಂಬುದಕ್ಕೆ ಅಲ್ಲಿ ‘ಜೇವ್ಹಾ’ ಎಂದಿದೆ, ‘ದೆನ್’ ಎಂಬುದಕ್ಕೆ ‘ಮಗ’ ಎಂದೂ ‘ತೇವ್ಹಾ’ ಎಂದೂ ಇದೆ. ಜೇವ್ಹಾ ಹೀಗಾಯಿತೋ ತೇವ್ಹಾ ಹಾಗಾಯಿತು ಎಂದು ಶಿರೂರಿನ ಸಂತೆಯಲ್ಲಿ ಈರುಳ್ಳಿ ಮಾರುವ ಅಜ್ಜಿಯೂ ಹೇಳುತ್ತಾಳೆ. ಸಂಸ್ಕೃತದ ಯದಾ–ತದಾಗಳಂತೆ ಆ ಜೋಡಿಯು ವಾಕ್ಯಗಳ ತಲೆಯಲ್ಲಿ ಕುಳಿತೇ ಬೆಳೆದುದು. ನಮ್ಮಲ್ಲಿಯೂ ‘ಯಾವಾಗ... ಆಗ’ ಎಂಬ ಜೋಡಿ ಉಂಟಲ್ಲವೇ ಎಂದರೆ, ಉಂಟು; ಆದರೆ ‘ಯಾವಾಗ ಮಳೆ ಬರುತ್ತದೆಯೋ’ ಎಂದು ಕ್ರಿಯಾಪದಕ್ಕೆ ಓಕಾರವನ್ನು ಹಚ್ಚದೆ ಅದು ನಿಲ್ಲುವುದಿಲ್ಲ, ಹಚ್ಚಿದರೂ ಪುರಾಣ ಹೇಳುವ ಧಾಟಿ ತಪ್ಪುವುದಿಲ್ಲ. ಓಕಾರವಿಲ್ಲದ ‘ಯಾವಾಗ’ ಬರಿಯ ಪ್ರಶ್ನೆ. ‘ಯಾವಾಗ ಗ್ರಾಹಕನು ಹಣ ತೆಗೆಯುತ್ತಾನೆ’ ಎಂದು ಓದಿದವನು ಉತ್ತರ ಹೇಳಲು ಬಾಯಿ ತೆರೆದಾನು. ನೆರೆಯ ಭಾಷೆಗೆ ಹೊಲಿದು ತಂದಂತೆ ಒಪ್ಪುವ ಅಂಗಿಯು ನಮಗೆ ಭುಜದಲ್ಲಿ ಬಿಗಿಯಾಗುವುದೆಂದರೆ ಅದು ನಮ್ಮ ಭುಜದ ದೋಷವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಯುವಕನ ಮೊದಲ ಉತ್ಸಾಹವು, ಈ ಪದಗಳನ್ನು ಅಳಿಸಿ ಒಳ್ಳೆಯ ಪದಗಳನ್ನು ಹಾಕಿ ಕಳುಹಿಸಿಬಿಡುವುದು ಎಂಬುದಾಗಿತ್ತು. ಮುಕ್ತ ತಂತ್ರಾಂಶಕ್ಕೆ ಹೊಸತನ್ನು ಸೇರಿಸಬಯಸುವ ಪ್ರತಿಯೊಬ್ಬ ನವಶಿಷ್ಯನೂ ಮೊದಲು ಎಡವುವುದು ಈ ಕಲ್ಲನ್ನೇ. ಅಳಿಸುವುದು ಸಾಧ್ಯವಿಲ್ಲ. ‘ಸ್ಥಿತಿಯನ್ನು’ ಎಂದು ಬರೆದ ಒಂದು ಕಡತವು ಲೋಕದ ಯಾವುದೋ ಮೂಲೆಯಲ್ಲಿ ಇದ್ದರೂ, ಆ ಪದವನ್ನು ತೆಗೆದ ದಿನ ಅದು ಮುರಿದುಬೀಳುತ್ತದೆ. ಬರೆದವನು ಯಾರೆಂದು ನಮಗೆ ತಿಳಿಯದು, ಅವನನ್ನು ಕೇಳಲು ಬಾರದು. ಆ ಬಳಗದವರು ಮೂಲ ಯೋಜನೆಯನ್ನು ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ, ನದಿಯ ಮೇಲ್ದಂಡೆಯೆಂದು. ಘೋಡ್ ನದಿಯ ದಡದಲ್ಲಿ ವಾಸಿಸುವವನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಇಲ್ಲಿ ನೀರಿಗೆ ಬಿಟ್ಟದ್ದು ಕಲಬುರಗಿ ಜಿಲ್ಲೆಯ ಅಫಜಲಪುರದ ಕೊಡಕ್ಕೆ ಬರುತ್ತದೆ. ಕೊಡ ತುಂಬುವವಳಿಗೆ ಶಿರೂರೆಂಬ ಊರಿದೆಯೆಂದೇ ತಿಳಿದಿರುವುದಿಲ್ಲ.

ಸೇರಿಸುವುದಾದರೋ ಸಾಧ್ಯ, ಮತ್ತು ಇಲ್ಲಿಯೇ ಆ ಕೋಷ್ಟಕವನ್ನು ರಚಿಸಿದವರ ಜಾಣ್ಮೆಯನ್ನು ಮೆಚ್ಚಬೇಕು. ಒಂದೊಂದು ಸ್ಥಾನಕ್ಕೆ ಒಂದೇ ಪದವಿರಬೇಕೆಂಬ ನಿರ್ಬಂಧವನ್ನು ಅವರು ಹಾಕಲಿಲ್ಲ. ಹಳೆಯದನ್ನು ಹಾಗೆಯೇ ಇಟ್ಟು ಅದರ ಪಕ್ಕದಲ್ಲಿ ಪರ್ಯಾಯ ಪದವನ್ನು ಕೂರಿಸಬಹುದು. ಮರಾಠಿಯವರು ‘ಫೀಚರ್’ ಎಂಬುದಕ್ಕೆ ವೈಶಿಷ್ಟ್ಯವೆಂದೂ ಸುವಿಧಾ ಎಂದೂ ಎರಡನ್ನು ಇಟ್ಟುಕೊಂಡದ್ದು ಹೀಗೆಯೇ. ಕ್ರಮವೂ ಸರಳವಾದುದೇ. ಮೊದಲು ಕೊರತೆಯನ್ನು ವಿವರಿಸಿ ‘ಇಶ್ಯೂ’ ಎಂಬ ಅಹವಾಲನ್ನು ಬರೆಯಬೇಕು; ಯೋಜನೆಯ ಪಾಲಕರು, ಅಂದರೆ ಮೇಂಟೇನರುಗಳು, ಹೌದೆಂದ ಮೇಲೆ ಮೂಲದ ಪ್ರತಿಯೊಂದನ್ನು ತೆಗೆದುಕೊಂಡು ಕೋಷ್ಟಕದಲ್ಲಿ ತಿದ್ದಬೇಕು; ಜಾವಾ, ರೂಬಿ, ಜಾವಾಸ್ಕ್ರಿಪ್ಟ್, ಪೈಥಾನ್ ಮೊದಲಾದ ಪ್ರತಿಯೊಂದು ಗಣಕಭಾಷೆಯ ಆವೃತ್ತಿಯೂ ಆ ಒಂದೇ ಕೋಷ್ಟಕದಿಂದ ಹುಟ್ಟುವುದರಿಂದ ಎಲ್ಲವನ್ನೂ ಮರಳಿ ಹುಟ್ಟಿಸಿ, ಇದ್ದ ಪರೀಕ್ಷೆಗಳೆಲ್ಲ ತೇರ್ಗಡೆಯಾಗುವುವೇ ನೋಡಬೇಕು; ಅನಂತರ ‘ಪುಲ್ ರಿಕ್ವೆಸ್ಟ್’ ಎಂಬ ಬಿನ್ನಹದೊಡನೆ ಸಲ್ಲಿಸಬೇಕು. ಒರೆಗಲ್ಲಿಗೂ ಒರೆ ಹಚ್ಚುವ ಈ ಪದ್ಧತಿಯು ನನಗೆ ಬಹಳ ಹಿಡಿಸಿತು.

ಸರಳವೆಂದೆನಾದರೂ ಸೂಕ್ಷ್ಮಗಳಿಲ್ಲದಿಲ್ಲ. ಕೋಷ್ಟಕದಲ್ಲಿ ‘ನಂತರ’ ಎಂಬ ಪದದ ಬೆನ್ನಿಗೆ ಒಂದು ತೆರಪನ್ನೂ ಸೇರಿಸಿ ಬರೆದಿದ್ದಾರೆ. ಇದೇಕೆಂದು ನಾನು ಕೇಳಿದುದಕ್ಕೆ ಯುವಕನು ವಿವರಿಸಿದುದು ಹೀಗೆ. ‘ದೆನ್’ ಎಂಬುದಕ್ಕೆ ‘ಆಗ’ ಎಂಬ ಪದವನ್ನು ನಾವು ಸೂಚಿಸಿದೆವೆಂದು ಇಟ್ಟುಕೊಳ್ಳಿ. ತೆರಪನ್ನು ಮರೆತೆವೆಂದೂ ಇಟ್ಟುಕೊಳ್ಳಿ. ಕಥಾಸಾರಾಂಶದ ಕೆಳಗೆ ಯಾರೋ ವಿವರಣೆಗಾಗಿ ‘ಆಗಸದಲ್ಲಿ ಮೋಡವಿದ್ದರೆ’ ಎಂದು ಬರೆದರೆ ಯಂತ್ರವು ಅದನ್ನು ‘ಆಗ’ ಎಂದು ಕತ್ತರಿಸಿ, ‘ಸದಲ್ಲಿ ಮೋಡವಿದ್ದರೆ’ ಎಂಬ ಕ್ರಿಯೆಯನ್ನು ನಡೆಸಲು ಹೊರಡುತ್ತದೆ! ಇನ್ನೊಂದು ಸೂಕ್ಷ್ಮವು ಲಿಪಿಯದು. ‘ನೀಡಿದ’ ಎಂಬುದರ ಮೊದಲಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಬಹುದು. ನಕಾರಕ್ಕೆ ದೀರ್ಘ ಈಕಾರದ ಒಂದೇ ಚಿಹ್ನೆಯನ್ನು ಹಚ್ಚಬಹುದು, ಅಥವಾ ಹ್ರಸ್ವ ಇಕಾರವನ್ನು ಹಚ್ಚಿ ಅದರ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ ‘ನೀ’. ಅಕ್ಷರಸಂಖ್ಯೆಗಳನ್ನು ಒಂದೊಂದಾಗಿ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ. ಇಂತಹ ಕಡೆಗಳಲ್ಲಿ ಕನ್ನಡವನ್ನು ಕೈಯಿಂದ ಬರೆದು ಬಲ್ಲವನ ನೆರವಿಲ್ಲದೆ ಯಾವ ದೊಡ್ಡ ತಂತ್ರಜ್ಞನೂ ಮುಂದುವರಿಯಲಾರನು.

ಎರಡನೆಯ ಸಂಜೆ ಯುವಕನು ಇನ್ನೂ ದೊಡ್ಡ ಆಲೋಚನೆಯೊಂದನ್ನು ಹೊತ್ತು ಬಂದನು. ಪದಗಳನ್ನು ಬಿಡೋಣ; ಸಾಲಿನ ಕೊನೆಯನ್ನೂ ಓದುವಂತೆ ಗರ್ಕಿನ್ನನ್ನೇ ತಿದ್ದೋಣ; ‘ತೆಗೆದಾಗ’ ಎಂದು ಮುಗಿದರೆ ಅದು ವೆನ್ ಎಂದು ತಾನೇ ತಿಳಿಯಲಿ; ಕನ್ನಡವೊಂದೇ ಅಲ್ಲ, ತಮಿಳು, ತೆಲುಗು, ಜಪಾನಿ ಮೊದಲಾದ ಕ್ರಿಯಾಂತ್ಯ ಭಾಷೆಗಳಿಗೆಲ್ಲ ಉಪಕಾರವಾಗುತ್ತದೆ. ಆಲೋಚನೆಯು ಭವ್ಯವಾಗಿತ್ತು; ನನಗೂ ಒಂದು ಗಳಿಗೆ ರೋಮಾಂಚವಾಯಿತು. ಆದರೆ ಆ ಚೌಕಟ್ಟಿನ ಕೈಪಿಡಿಯನ್ನು ಮುಂದಕ್ಕೆ ಓದುತ್ತ ಹೋದಂತೆ ಎರಡು ಸಂಗತಿಗಳು ಹೊರಬಿದ್ದವು. ಸಾಲನ್ನು ಅದರ ಕ್ರಿಯೆಯೊಡನೆ ಹೊಂದಿಸುವಾಗ ಯಂತ್ರವು ಮೊದಲ ಪದವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂಬುದು ಒಂದು. ಯಾವ ಭಾಷೆಯಲ್ಲಿಯಾದರೂ ಮೊದಲ ಪದದ ಬದಲಿಗೆ ಒಂದು ನಕ್ಷತ್ರ ಚಿಹ್ನೆಯನ್ನು ಇಟ್ಟರೆ ಸಾಕೆಂಬುದು ಇನ್ನೊಂದು. ಅಂದರೆ ಇಂದೇ, ಯಾರ ಅಪ್ಪಣೆಯನ್ನೂ ಬೇಡದೆ, ಹೀಗೆ ಬರೆಯಬಹುದು:

* ಖಾತೆಯಲ್ಲಿ 500 ರೂಪಾಯಿ ಇರಲಾಗಿ
* ಗ್ರಾಹಕನು 200 ರೂಪಾಯಿ ತೆಗೆದಾಗ
* ಖಾತೆಯಲ್ಲಿ 300 ರೂಪಾಯಿ ಉಳಿದಿರಬೇಕು

ತಾಯಿಗೆ ಓದಿ ಹೇಳಿದೆವು. ಈ ಬಾರಿ ಆಕೆ ಪ್ರಶ್ನೆ ಕೇಳಲಿಲ್ಲ. 500ರಲ್ಲಿ 200 ಹೋದರೆ 300 ಎಂಬುದನ್ನು ಪರೀಕ್ಷಿಸಲು ಇಷ್ಟು ಮಂದಿ ಏಕೆ ಬೇಕೆಂದು ಮಾತ್ರ ಕೇಳಿದಳು, ಅದು ಬೇರೆಯ ವಿಷಯ.

ಯುವಕನಿಗೆ ನಿರಾಶೆಯಾಯಿತು; ತಾನು ಕಟ್ಟಬೇಕೆಂದಿದ್ದ ಸೇತುವೆಯ ಜಾಗದಲ್ಲಿ ನೀರು ಮೊಣಕಾಲಿನಷ್ಟೇ ಇತ್ತೆಂದು ತಿಳಿದವನ ನಿರಾಶೆ ಅದು. ಆದರೆ ಹೊಸ ಸೌಲಭ್ಯವನ್ನು ಸೂಚಿಸುವವನ ಅರ್ಧ ಕೆಲಸವು, ಇದ್ದ ಸೌಲಭ್ಯದಿಂದ ಕಾರ್ಯವಾಗದೆಂಬುದನ್ನು ಸಿದ್ಧಪಡಿಸುವುದೇ ಆಗಿದೆ. ಮೂಲವನ್ನು ಕಾಯುವವರು ಬಹುಮಟ್ಟಿಗೆ ತಮ್ಮ ಬಿಡುವಿನ ಕಾಲವನ್ನು ಕೊಡುವ ಜನ. ಕೊಟ್ಟವನು ಕೊಟ್ಟು ಹೋಗುತ್ತಾನೆ, ಅದನ್ನು ವರ್ಷಗಟ್ಟಲೆ ಸಾಕಬೇಕಾದವರು ಅವರು. ದೇವಾಲಯಕ್ಕೆ ಆನೆಯನ್ನು ಕಾಣಿಕೆಯಾಗಿ ಕೊಡುವ ಭಕ್ತನು ಹುಲ್ಲಿನ ಮಾತನ್ನೆತ್ತುವುದು ಅಪೂರ್ವ. ಪೈಥಾನ್ ಭಾಷೆಯ ಪೈಟೆಸ್ಟ್ ಎಂಬ ಚೌಕಟ್ಟಿನವರು ಇದಕ್ಕೆ ಒಂದು ಉಪಾಯವನ್ನು ಮಾಡಿಕೊಂಡಿದ್ದಾರೆ: ಹೊಸತೇನು ಬೇಕೋ ಅದನ್ನು ಮನೆಯ ಹೊರಗೆ, ‘ಪ್ಲಗಿನ್’ ಎಂಬ ಜಗಲಿಯಾಗಿ ಕಟ್ಟಿಕೊಳ್ಳಬಹುದು. ಅಂತಹ ಜಗಲಿಗಳು ಸಾವಿರಕ್ಕೂ ಮಿಕ್ಕಿವೆ. ಮೂಲಕ್ಕೇ ಸೇರಿಸುವುದಾದರೆ ಪರೀಕ್ಷೆಯೊಡನೆ ಬದಲಾವಣೆಯ ವೃತ್ತಾಂತವನ್ನು ಒಂದೆರಡು ವಾಕ್ಯಗಳಲ್ಲಿ ಬರೆದ ಪುಟ್ಟ ಕಡತವನ್ನೂ ಸಲ್ಲಿಸಬೇಕೆಂಬುದು ಅವರ ಕಟ್ಟಳೆ. ಮಾಡಿದುದನ್ನು ಸರಳವಾಗಿ ಎರಡು ವಾಕ್ಯಗಳಲ್ಲಿ ಹೇಳಲಾರದವನು ತಾನು ಮಾಡಿದುದನ್ನು ತಾನೇ ಅರಿತಿಲ್ಲವೆಂಬ ಸಂಶಯ ಅವರಿಗಿದ್ದರೆ ಅದು ನನಗೂ ಇದೆ. ಅದನ್ನು ಲೇಖಕರಿಗೂ ಅನ್ವಯಿಸಬಹುದು.

ನಮ್ಮ ತಾಲ್ಲೂಕಿನ ಪಾಬಳದಲ್ಲಿ ಡಾ. ಶ್ರೀನಾಥ ಕಲಬಾಗರು 1983ರಲ್ಲಿ ಸ್ಥಾಪಿಸಿದ ವಿಜ್ಞಾನ ಆಶ್ರಮವನ್ನು ನೋಡಿದವರಿಗೆ, ಬೇಕಾದುದನ್ನು ತಾವೇ ಕಟ್ಟಿಕೊಳ್ಳುವ ಈ ನೀತಿಯೇನೂ ಹೊಸದಲ್ಲ. ಬರದ ಸೀಮೆಯ ಮಕ್ಕಳು ಬೇಕಾದುದನ್ನು ತಾವೇ ಮಾಡುತ್ತ ಮಾಡುತ್ತ ಕಲಿಯಲಿ ಎಂದು ಹುಟ್ಟಿದ ಆ ಶಾಲೆಯಲ್ಲಿ, 2002ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಪ್ರೇರಣೆಯಿಂದ ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರವು ತೆರೆಯಿತು; ಆ ಸಂಸ್ಥೆಯ ಹೊರಗೆ ಹುಟ್ಟಿದ ಅಂತಹ ಮೊದಲ ಕಾರ್ಯಾಗಾರಗಳಲ್ಲಿ ಅದು ಒಂದು. ಬೇಕೆಂದವನೇ ಮಾಡಿಕೊಳ್ಳುವುದು, ಮಾಡಿದವನು ವಿಧಾನವನ್ನು ಮುಚ್ಚಿಡದಿರುವುದು ಅಲ್ಲಿಯ ರೀತಿ. ಕಮ್ಮಟದಲ್ಲಿ ನಡೆಯುವುದು ಕಡತದಲ್ಲಿಯೂ ನಡೆಯುತ್ತದೆ.

ಪದಗಳ ವಿಷಯದಲ್ಲಿ ಮಾತ್ರ ‘ಬೇಕೆಂದವನೇ ಮಾಡಿಕೊಳ್ಳುವುದು’ ಸಾಲದು. ಪರಿಭಾಷೆಯನ್ನು ಒಬ್ಬನು ಕೋಣೆಯಲ್ಲಿ ಕುಳಿತು ಟಂಕಿಸಬಾರದು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದದ್ದು ವಿದ್ವಾಂಸರು ಕೂಡಿ ವರ್ಷಗಳ ಕಾಲ ಶ್ರಮಿಸಿದ ಮೇಲೆ. ಗಣಕದ ಯುಗದಲ್ಲಿಯೂ, 2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯವರು ಆರಂಭಿಸಿದ ‘ಫ್ಯೂಯೆಲ್’ ಎಂಬ ಯೋಜನೆಯು ಇದೇ ದಾರಿಯಲ್ಲಿ ನಡೆಯಿತು: ಗಣಕದ ಪರದೆಯ ಮೇಲೆ ಅಡಿಗಡಿಗೆ ಕಾಣುವ ಪದಗಳನ್ನು ಮೊದಲು ಪಟ್ಟಿಮಾಡಿ, ಆಯಾ ಭಾಷೆಯ ಬಳಕೆದಾರರನ್ನೂ ಬಲ್ಲವರನ್ನೂ ಒಂದೆಡೆ ಕೂರಿಸಿ, ಒಂದೊಂದನ್ನೂ ಓದಿ ಒಪ್ಪಿ ಪ್ರಕಟಿಸುವುದು. ಹಿಂದಿಯಿಂದ ಮೊದಲಾಗಿ ಅದು ಅನೇಕ ಭಾರತೀಯ ಭಾಷೆಗಳಿಗೆ ಹಬ್ಬಿತು. ಗರ್ಕಿನ್ನಿನ ಕನ್ನಡ ಪದಗಳು ಹತ್ತು-ಹನ್ನೆರಡು ಮಾತ್ರ. ಹತ್ತು ಮಂದಿ ಒಂದು ಭಾನುವಾರ ಕುಳಿತರೆ ಮುಗಿಯುವ ಕೆಲಸ. ಒಬ್ಬನು ಹತ್ತು ಭಾನುವಾರ ಕುಳಿತರೂ ಮುಗಿಯದ ಕೆಲಸ.

ಆದುದರಿಂದ ‘ವೆನ್’ ಎಂಬುದನ್ನು ನಾವಿಬ್ಬರೂ ಸದ್ಯಕ್ಕೆ ಕೈಬಿಟ್ಟೆವು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಪರೀಕ್ಷೆಗಳನ್ನು ಬರೆಯುವ ಕನ್ನಡಿಗರು ಕೂಡಿ ನಿರ್ಣಯಿಸುವವರೆಗೆ ನಕ್ಷತ್ರ ಚಿಹ್ನೆಯು ನಮ್ಮ ಮಾನವನ್ನು ಕಾಪಾಡುತ್ತದೆ. ‘ಗಿವನ್’ ಎಂಬುದಕ್ಕೆ ‘ಹೀಗಿರಲಾಗಿ’ ಎಂದು ನಾನು ಸೂಚಿಸಿದ್ದೇನೆ; ಅದು ಹರಿಕಥೆಯಂತಿದೆಯೆಂದು ಯುವಕನು ನಕ್ಕಿದ್ದಾನೆ; ಓದುಗರು ತೀರ್ಪು ಹೇಳಲಿ.

ಆದರೆ ಕೋಷ್ಟಕದ ಕನ್ನಡದ ಮನೆಯಲ್ಲಿ ಇನ್ನೊಂದು ತೆರಪಿದೆ. ಗರ್ಕಿನ್ನಿನ ಆರನೆಯ ಆವೃತ್ತಿಯಲ್ಲಿ ‘ರೂಲ್’ ಎಂಬ ಹೊಸ ಸೌಲಭ್ಯವು ಸೇರಿತು. ಒಂದೇ ನಿಯಮಕ್ಕೆ ಸಂಬಂಧಿಸಿದ ಕಥಾಸಾರಾಂಶಗಳನ್ನು ಒಂದು ತಲೆಬರಹದ ಕೆಳಗೆ ಕಟ್ಟಿಡುವುದು ಅದರ ಕೆಲಸ. ಪ್ರತಿಯೊಂದು ಭಾಷೆಗೂ ಅದಕ್ಕೊಂದು ಪದ ಬೇಕಾಯಿತು. ಯಾರೂ ತಂದುಕೊಡದ ಕಡೆಗಳಲ್ಲಿ ಇಂಗ್ಲಿಷಿನ ಪದವನ್ನೇ ರೋಮನ್ ಲಿಪಿಯಲ್ಲಿ ಹಾಗೆಯೇ ಇಟ್ಟರು. ಯುವಕನು ನನಗೆ ತೋರಿಸಿದ ಕೋಷ್ಟಕದಲ್ಲಿ ಕನ್ನಡದ ಮನೆಯಲ್ಲಿ ಇರುವುದೂ ಅದೇ. ಮರಾಠಿಯ ಮನೆಯಲ್ಲಿಯೂ ಹಿಂದಿಯ ಮನೆಯಲ್ಲಿಯೂ ‘ನಿಯಮ’ ಎಂದಿದೆ. ಆ ಪದವನ್ನು ನಾವು ಯಾರಿಂದಲೂ ಕಡ ತರಬೇಕಾಗಿಲ್ಲ, ಯಾವ ಸಮಿತಿಯನ್ನೂ ಕೂಡಿಸಬೇಕಾಗಿಲ್ಲ. ಅದರ ಪಕ್ಕದಲ್ಲಿ ತೆರಪು ಸಹ ಬೇಡ, ಏಕೆಂದರೆ ಅದರ ಮುಂದೆ ವಿವರಣ ಚಿಹ್ನೆಯ ಎರಡು ಚುಕ್ಕೆಗಳು ಬರುತ್ತವೆ. ಬರೆಯಬೇಕಾದುದು ಮೂರೇ ಅಕ್ಷರ. ಯುವಕನು ಅಹವಾಲನ್ನು ಬರೆದು ಮುಗಿಸಿದ್ದಾನೆ, ಇನ್ನೂ ಕಳುಹಿಸಿಲ್ಲ. ಅವನಿಗಿಂತ ಮೊದಲು ಯಾರಾದರೂ ಕಳುಹಿಸಿದರೆ ಅವನಿಗೂ ನನಗೂ ಸಂತೋಷವೇ.